ಬೇಸಿಗೆಯಲ್ಲಿ ಅಳೆದ ಕೆರೆ

ರೋಣದಲ್ಲಿ ಗಜೇಂದ್ರಗಡದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಮೌಲಾಸಾಬ ಮಿಸ್ತ್ರಿಯವರ ಮೊಮ್ಮಗಳ ಮದುವೆ. ಮಧ್ಯಾಹ್ನದ ಊಟಕ್ಕೆ ತಪ್ಪಿಸಬಾರದೆಂದು ನಾಲ್ಕು ಸಲ ಫೋನು ಮಾಡಿದ್ದರು. ಕಡಲೆ ಹೊಲಗಳ ನಡುವೆ ಬಸ್ಸು ಓಡುತ್ತಿದ್ದಾಗ ಕಿಟಕಿಯಿಂದ ಒಂದು ವಾಸನೆ ಒಳಗೆ ನುಗ್ಗಿತು. ಎರೆಮಣ್ಣು ತಿಂಗಳುಗಟ್ಟಲೆ ನೀರಲ್ಲಿ ನೆನೆದು, ಅದರಲ್ಲಿ ಜೇಕಿನ ಹುಲ್ಲು ಕೊಳೆತು, ಅದರ ಮೇಲೆ ಎಳೆಬಿಸಿಲು ಬಿದ್ದಾಗ ಬರುವ ವಾಸನೆ ಅದು. ಪಕ್ಕದಲ್ಲಿದ್ದ ಹೆಣ್ಣುಮಗಳು ಸೆರಗನ್ನು ಮೂಗಿಗೆ ಒತ್ತಿಕೊಂಡು "ಏನ್ ನಾತ ಐತವಾ ಇದು" ಎಂದಳು. ನಾನು ಎದ್ದು ನಿಂತು "ನಿಲ್ಲಸ್ರಿ, ನಿಲ್ಲಸ್ರಿ" ಎಂದು ಕೂಗಿ, ಉಡುಗೊರೆಯ ಚೀಲವನ್ನು ಬಗಲಿಗೆ ಅವುಚಿಕೊಂಡು ಇಳಿದೇಬಿಟ್ಟೆ. ಕಂಡಕ್ಟರು ಬಾಗಿಲಲ್ಲಿ ನಿಂತು "ಗಜೇಂದ್ರಗಡ ಇನ್ನೂ ದೂರ ಐತ್ರಿ" ಎಂದ. "ಗೊತ್ತೈತಪಾ, ಮುಂದಿನ ಬಸ್ಸಿಗೆ ಬರ್ತೀನಿ" ಎಂದೆ.

ಆ ಊರಿನ ಹೆಸರು ಹೇಳುವುದಿಲ್ಲ. ಆ ರಸ್ತೆಯವರಿಗೆ ಓದುತ್ತಲೇ ಗೊತ್ತಾಗುತ್ತದೆ, ಉಳಿದವರಿಗೆ ಗೊತ್ತಾಗದಿದ್ದರೆ ನಷ್ಟವೇನೂ ಇಲ್ಲ. ಎಂಟು ವರ್ಷದ ಹಿಂದೆ ನಾನು ಅಲ್ಲಿ ಜೂನಿಯರ್ ಇಂಜಿನಿಯರ್ ಆಗಿದ್ದೆ. ಮೊದಲ ನೌಕರಿ, ಮೂಗಿನ ತುದಿಯಲ್ಲೇ ಸಿಟ್ಟು. ಪ್ರೊಬೇಷನ್ ಮುಗಿಯುವ ವರ್ಷ ಅದು. ವರ್ಷದ ಕೊನೆಗೆ ಸಾಹೇಬರು "ಕೆಲಸ ತೃಪ್ತಿಕರ" ಎಂದು ಬರೆದರೆ ನೌಕರಿ ಕಾಯಂ, ಇಲ್ಲದಿದ್ದರೆ ದೇವರೇ ಗತಿ.

ಊರು ಬೆಳೆಯುತ್ತ ಬೆಳೆಯುತ್ತ ಕೆರೆಯ ಮಗ್ಗುಲಿಗೇ ಬಂದಿತ್ತು. ಜೋಳದ ಹೊಲವಿದ್ದಲ್ಲಿ ಹೊಸ ಬಡಾವಣೆ ಎದ್ದಿತ್ತು. ಅಲ್ಲಿಯವರಿಗೆ ಮುಂಜಾನೆ ಸಂಜೆ ನಡೆದಾಡಲು ಜಾಗ ಬೇಕು, ಮಕ್ಕಳಿಗೆ ಆಡಲು ಹಸಿರು ಬೇಕು. ಕೆರೆ ಚೆಂದ ಮಾಡಿಕೊಡಿ ಎಂದು ಅರ್ಜಿ ಬಂತು. ಸಾಹೇಬರು ಕಡತವನ್ನು ನನ್ನ ಮುಂದೆ ಸರಿಸಿ "ಇದು ನಿಮ್ದ ನೋಡ್ರಿ" ಎಂದರು. ನಾನೇ ನಕ್ಷೆ ಬರೆದು ನಾನೇ ಸಹಿ ಹಾಕುವ ಮೊದಲ ಕೆಲಸ. ಆ ದಿನ ಖುಷಿಗೆ ಊಟವೇ ಸೇರಲಿಲ್ಲ.

ಕೆರೆ ಎಂದರೆ ಹೇಗಿರಬೇಕೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಹಾಗೆಂದುಕೊಂಡಿದ್ದೆ. ನನ್ನದು ಚಿಕ್ಕನರಗುಂದದ ಪಕ್ಕದ ಸಣ್ಣ ಹಳ್ಳಿ. ನಮ್ಮ ಎರೆಭೂಮಿಯಲ್ಲಿ ಬಾವಿ ತೋಡಿದರೆ ಸವುಳು ನೀರು. ಹಾಗಾಗಿ ಮಳೆನೀರಿನ ಕೆರೆಯೇ ನಮ್ಮ ಕುಡಿಯುವ ನೀರು. ಆ ಕೆರೆಗೆ ನಾಲ್ಕೂ ಕಡೆ ಕಲ್ಲು. ದಂಡೆ ಹತ್ತುವ ಮುಂಚೆ ಚಪ್ಪಲಿ ಬಿಡಬೇಕು. ದನ ಇಳಿಯುವಂತಿಲ್ಲ, ಬಟ್ಟೆ ಒಗೆಯುವಂತಿಲ್ಲ. ಒಂದು ಹುಲ್ಲುಕಡ್ಡಿ ತೇಲಿದರೂ ನಮ್ಮಜ್ಜಿ ಬೈಯುತ್ತಿದ್ದಳು. ಕಲ್ಲು, ಆಳ, ಸ್ವಚ್ಛ ನೀರು ಮೂರೂ ಇದ್ದರೆ ಕೆರೆ. ಕೆಸರು, ಜೇಕು, ತಗ್ಗುನೀರು ಎಂದರೆ ನನ್ನ ಕಣ್ಣಿಗೆ ಊರವರ ಸೋಮಾರಿತನ. ಕುಡಿಯುವ ನೀರಿನ ಕೆರೆ ಬೇರೆ, ಹಕ್ಕಿ-ದನ-ಹೊಲಗಳ ಕೆರೆ ಬೇರೆ ಎಂಬುದು ಇಂಜಿನಿಯರಿಂಗ್ ಓದಿದರೂ ನನ್ನ ತಲೆಗೆ ಹೊಕ್ಕಿರಲಿಲ್ಲ.

ಅಳತೆಗೆ ಹೋದದ್ದು ಮೇ ತಿಂಗಳಲ್ಲಿ. ಆ ಬಿಸಿಲು ನಮ್ಮ ಕಡೆಯವರಿಗೇ ಗೊತ್ತು. ದಂಡೆಯ ಬುಡದಲ್ಲಿ ಒಂದಿಷ್ಟು ನೀರು ಉಳಿದಿತ್ತು. ಪಶ್ಚಿಮದ ಕಡೆ ನೆಲ ಒಡೆದು ಬಿರುಕು ಬಿಟ್ಟಿತ್ತು. ಅಲ್ಲಿ ಒಣಗಿದ ಸವತೆಬಳ್ಳಿ, ಕಡಲೆಯ ಕೂಳೆ, ಒಂದು ಮುಳ್ಳುಬೇಲಿ. ಬೇಲಿಯ ಹತ್ತಿರ ಒಬ್ಬ ಹೆಂಗಸು ಒಣಬಳ್ಳಿ ಕಿತ್ತು ಹೊರೆ ಕಟ್ಟುತ್ತಿದ್ದಳು. ನಾನು ಛತ್ರಿ ಹಿಡಿದುಕೊಂಡೇ ರೋಪು ಹಾಕಿದೆ.

"ಇದು ಸರ್ಕಾರಿ ಜಾಗ. ಒತ್ತುವರಿ ಮಾಡೀರೇನು?"

ಆಕೆ ಹೊರೆಯನ್ನು ಮೊಳಕಾಲಲ್ಲಿ ಒತ್ತಿ ಗಂಟು ಬಿಗಿದು, ನಿಧಾನವಾಗಿ ತಲೆ ಎತ್ತಿದಳು. ಹೆಸರು ನೀಲವ್ವ. "ನಾ ಎಲ್ಲಿ ಒತ್ತೀನವಾ ತಂಗಿ? ನೀರು ಹ್ವಾದಾಗ ಬರ್ತೀನಿ, ನೀರು ಬಂದಾಗ ಹೋಗ್ತೀನಿ. ನಮ್ಮತ್ತಿನೂ ಹಿಂಗ ಮಾಡ್ತಿದ್ಲು."

ಕೆರೆಯ ನೀರು ಹಿಂದೆ ಸರಿದಂತೆಲ್ಲ ಹಸಿ ನೆಲದಲ್ಲಿ ಬಿತ್ತಿ, ಬೇಸಿಗೆಗೆ ಮುಗಿಸಿ, ಮಳೆಗೆ ಬಿಟ್ಟುಕೊಡುವ ರೂಢಿ ಅದು. ಇಡೀ ಕೆರೆಯ ಲೆಕ್ಕವನ್ನು ಆಕೆ ಒಂದೇ ಮಾತಿನಲ್ಲಿ ಹೇಳಿದ್ದಳು. ನನಗೆ ಕೇಳಿಸಿದ್ದು ಎದುರುತ್ತರ ಮಾತ್ರ. "ಮುಂದಿನ ವರ್ಷ ಇಲ್ಲಿ ಬರಬ್ಯಾಡ್ರಿ" ಎಂದು ಹೇಳಿ ಬಂದೆ. ಕಚೇರಿಯಲ್ಲಿ ಕೂತು ಆ ಪಶ್ಚಿಮದ ತುಂಡಿಗೆ "ಖುಲ್ಲಾ ಜಾಗ, ಕೆರೆಯ ಹೊರಗೆ" ಎಂದು ಬರೆದೆ. ನಡೆದಾಡುವ ಹಾದಿಯನ್ನು ಅದರ ಒಳಗಿಂದ ದುಂಡಗೆ ತಿರುಗಿಸಿದೆ. ಹಾದಿಯ ಆಚೆಗೆ ಉಳಿದ ಜಾಗಕ್ಕೆ ಗರಸು, ಅಂದರೆ ಕೆಂಪು ಜಲ್ಲಿಮಣ್ಣು, ತುಂಬಿ ಹುಲ್ಲುಹಾಸು, ಜೋಕಾಲಿ. ಸುತ್ತಲೂ ಎತ್ತರದ ದೀಪದ ಕಂಬ. ನೀರಿನ ಅಂಚಿಗೆಲ್ಲ ಕಲ್ಲಿನ ಹೊದಿಕೆ. ನಕ್ಷೆ ನೋಡಿದವರೆಲ್ಲ ಭೇಷ್ ಅಂದರು. ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಕಲ್ಲಿನ ಕೆಲಸಕ್ಕೆ ಗಜೇಂದ್ರಗಡದಿಂದ ಬಂದವರೇ ಮೌಲಾಸಾಬರು. ಅರವತ್ತು ದಾಟಿದ ಮಿಸ್ತ್ರಿ, ಬಿಳಿ ಟೋಪಿ, ಕಿವಿಯ ಮೇಲೆ ಪೆನ್ಸಿಲ್ಲು. ಜುಲೈನಲ್ಲಿ ಸುಣ್ಣದ ಪುಡಿ ಹಾಕಿ ಹಾದಿಯ ಗೆರೆ ಎಳೆಸುತ್ತಿದ್ದೆ. ಪಶ್ಚಿಮದ ತುಂಡಿಗೆ ಬಂದಾಗ ಅವರು ಬುಟ್ಟಿ ಕೆಳಗಿಟ್ಟು ನಿಂತರು. ಹೆಣ್ಣು ಅಧಿಕಾರಿಗಳನ್ನು ಅವರು ಕರೆಯುವುದೇ ಬಾಯಾರ ಎಂದು.

"ಬಾಯಾರ, ಗೆರಿ ನೀರಾಗ ಹೊಂಟೈತಲ್ರಿ?"

"ನೀರೆಲ್ಲೈತ್ರಿ ಮಿಸ್ತ್ರಿಯವರ? ಹೊಲ ಕಾಣವಲ್ದೇನು?"

"ಈಗ ಹೊಲಾನ ರಿ. ಒಂದೆರಡು ದೊಡ್ಡ ಮಳಿ ಆಗ್ಲಿ, ನೋಡೋಣಂತ್ರಿ."

"ಗೆರಿ ನಂದು, ಕಲ್ಲು ನಿಮ್ದು. ನಿಮ್ಮ ಕೆಲಸ ನೀವು ನೋಡ್ಕೊಳ್ರಿ."

ಅಪ್ಪನಷ್ಟು ವಯಸ್ಸಿನ ಮನುಷ್ಯನಿಗೆ ಹತ್ತು ಜನ ಕೆಲಸಗಾರರ ಎದುರು ಹಾಗಂದೆ. ಇವತ್ತಿಗೂ ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ. ಅವರು "ಆತ್ರಿ" ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡರು. ಆದರೆ ಕೆಲಸವನ್ನು ದಂಡೆಯ ತುದಿಯಿಂದ ಶುರು ಮಾಡಿದರು, ಪಶ್ಚಿಮದ ಕಡೆ ಬರಲು ಎಷ್ಟು ದಿನ ತಳ್ಳಬಹುದೋ ಅಷ್ಟು ತಳ್ಳಿದರು. ಒಂದು ದಿನ ಕಲ್ಲು ಸರಿಯಿಲ್ಲ, ಇನ್ನೊಂದು ದಿನ ಗರಸು ಬಂದಿಲ್ಲ. ನಾನು ದಿನಾ ಬಂದು ಕೂಗಾಡಿದೆ. ಆ ನಿಧಾನ ನನಗಾಗಿ ಎಂದು ಆಮೇಲೆ ತಿಳಿಯಿತು. ನನ್ನ ಕೂಗಾಟಕ್ಕೆ ಸೋತು ಕಡೆಗೆ ನಲವತ್ತು ಹೆಜ್ಜೆಯಷ್ಟು ಗರಸಿನ ಏರಿಯನ್ನು ಆ ತುಂಡಿನೊಳಗೆ ಹಾಕಿದರು.

ಶ್ರಾವಣ ಬರೇ ತುಂತುರಿನಲ್ಲಿ ಕಳೆಯಿತು. ಸೆಪ್ಟೆಂಬರಿನಲ್ಲಿ ಮಳೆ ಹಿಡಿಯಿತು ನೋಡಿ, ಎರಡು ದಿನ ಬಿಟ್ಟೂ ಬಿಡದೆ ಹೊಡೆಯಿತು. ಸೂಡಿಯ ಕಡೆಯ ಹಳ್ಳಗಳೆಲ್ಲ ತುಂಬಿ ಬಸ್ಸು ನಿಂತವು. ಮೂರನೆಯ ದಿನ ಮುಂಜಾನೆ ಮೋಡ ಹರಿದಾಗ, ಹಾಕಿದ ಏರಿ ಏನಾಯಿತೋ ಎಂದು ಸ್ಕೂಟಿ ತೆಗೆದುಕೊಂಡು ಓಡಿದೆ. ಅರ್ಧ ದಾರಿಯಲ್ಲಿ ಎರೆಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಗಾಡಿ ನಿಂತಿತು. ಚಪ್ಪಲಿ ಕೈಯಲ್ಲಿ ಹಿಡಿದು ನಡೆದುಕೊಂಡು ಹೋದೆ.

ದಂಡೆ ಹತ್ತಿ ನೋಡಿದೆ. ನನ್ನ "ಖುಲ್ಲಾ ಜಾಗ" ಇಡೀ ನೀರಾಗಿತ್ತು. ಮೊಳಕಾಲುದ್ದ ಇದ್ದೀತು, ಅಂಚಿನಲ್ಲಿ ಬರೇ ಗೇಣುದ್ದ. ನೀಲವ್ವನ ಮುಳ್ಳುಬೇಲಿಯ ತುದಿ ಮಾತ್ರ ಮೇಲೆ ಕಾಣುತ್ತಿತ್ತು. ನನ್ನ ಗರಸಿನ ಏರಿ ಅದರ ನಡುವೆ ಕೆಂಪಗೆ ಚಾಚಿಕೊಂಡಿತ್ತು. ಮತ್ತು ಹಕ್ಕಿ! ಅಷ್ಟು ಹಕ್ಕಿಗಳನ್ನು ನಾನು ಅಲ್ಲಿ ಕಂಡೇ ಇರಲಿಲ್ಲ. ದಂಡೆಯ ಆಳದ ನೀರಿನಲ್ಲಿ ಒಂದೆರಡು ಗುಳುಮುಳುಕಗಳು ಮುಳುಗಿ ಏಳುತ್ತಿದ್ದವು ಅಷ್ಟೇ. ಉಳಿದವೆಲ್ಲ ಈ ತಗ್ಗುನೀರಿನಲ್ಲಿ. ಕೆಂಪು ಕಡ್ಡಿಯಂಥ ಕಾಲಿನ ಮೆಟ್ಟುಗಾಲು ಹಕ್ಕಿಗಳು, ಕೆಸರು ಕೆದಕುವ ಸಣ್ಣ ಗೊರವಗಳು, ಬಾತುಗಳ ಹಿಂಡು. ಆಳದಲ್ಲಿ ಅವುಗಳ ಕಾಲು ನಿಲುಕುವುದಿಲ್ಲ, ಕಲ್ಲಿನ ಮೇಲೆ ಅವುಗಳಿಗೆ ತಿನ್ನಲು ಏನೂ ಇಲ್ಲ. ಕೆರೆಯಲ್ಲಿ ಅವುಗಳಿಗೆ ಅಂತ ಇದ್ದದ್ದು ಆ ತುಂಡು ಒಂದೇ. ಅದನ್ನೇ ನಾನು ಕೆರೆಯ ಹೊರಗೆ ಎಂದು ಬರೆದು, ಗರಸು ತುಂಬಿ ಜೋಕಾಲಿ ಹಾಕಲು ಹೊರಟಿದ್ದೆ.

ಮೌಲಾಸಾಬರು ಆಗಲೇ ಬಂದು ದಂಡೆಯ ಮೇಲೆ ಕೂತಿದ್ದರು. "ನಾ ಹೇಳಿದ್ನಿಲ್ಲೇನ್ರಿ" ಅನ್ನಬಹುದಿತ್ತು. ಥರ್ಮಾಸಿನ ಮುಚ್ಚಳದಲ್ಲಿ ಚಹಾ ಸುರಿದು ಕೊಟ್ಟರು.

ಇಷ್ಟಾದ ಮೇಲೆ ನೇರ ಹೋಗಿ ತಪ್ಪು ಒಪ್ಪಿಕೊಂಡೆ ಎಂದು ಬರೆದರೆ ಸುಳ್ಳಾಗುತ್ತದೆ. ಮೂರು ದಿನ ಬಾಯಿ ಮುಚ್ಚಿಕೊಂಡಿದ್ದೆ. ಕಾಗದದ ಪ್ರಕಾರ ಅದು ಖುಲ್ಲಾ ಜಾಗ, ಕೇಳುವವರು ಯಾರು? ನೀರು ಇಳಿದ ಮೇಲೆ ಗರಸು ತುಂಬಿದರೆ ಮುಂದಿನ ಮಳೆಗೆ ಅಲ್ಲಿ ನೀರೇ ನಿಲ್ಲುವುದಿಲ್ಲ, ನನ್ನ ನಕ್ಷೆಯೇ ಖರೆ ಆಗುತ್ತದೆ. ಬಾಯಿ ಬಿಟ್ಟರೆ ಪ್ರೊಬೇಷನ್ ಹೋಗುತ್ತದೆ. ಮನೆಯಲ್ಲಿ ಅವ್ವ ನನ್ನ ನೌಕರಿಯ ಹೆಸರಿನಲ್ಲಿ ಊರೆಲ್ಲ ಪೇಢೆ ಹಂಚಿದ್ದಳು. ಮೂರು ದಿನವೂ ಕೆರೆಯ ಕಡೆ ಹೋಗಲಿಲ್ಲ. ನಾಲ್ಕನೆಯ ದಿನ ತಡೆಯಲಾರದೆ ಹೋಗಿ ಮೌಲಾಸಾಬರ ಪಕ್ಕ ಕೂತೆ. "ಏನ್ಮಾಡ್ಲಿ ಹೇಳ್ರಿ ಮಿಸ್ತ್ರಿಯವರ" ಎಂದೆ.

ಅವರು ಕಲ್ಲು ಕೆತ್ತುವುದನ್ನು ನಿಲ್ಲಿಸಲಿಲ್ಲ. "ನಮ್ಮ ಕೆಲಸದಾಗೂ ಆಗ್ತೈತ್ರಿ. ಇಟ್ಟ ಕಲ್ಲು ಸೊಟ್ಟ ಆಗ್ತೈತಿ. ಕಿತ್ತಿಟ್ರ ನಾಕ ಮಂದಿ ನೋಡಿ ನಗ್ತಾರ, ಒಂದಿನ ನಗ್ತಾರ. ನಾಚಿಕ್ಯಾಗಿ ಅದರ ಮ್ಯಾಲ ಮತ್ತೊಂದು ಇಟ್ರ ಗ್ವಾಡಿನ ಬೀಳ್ತೈತ್ರಿ."

"ನೀವು ಮದಲ ಯಾಕ ಗಟ್ಟಿ ಹೇಳಲಿಲ್ಲ?"

"ನಿಮ್ಮ ಸಿಟ್ಟಿಗೆ ಅಂಜಿದ್ನಿರಿ" ಎಂದು ನಕ್ಕರು. ನನಗೂ ನಗು ಬಂತು, ಅಳುವೂ ಬಂತು.

ಆ ಮಧ್ಯಾಹ್ನವೇ ಟಿಪ್ಪಣಿ ಬರೆದು ಸಾಹೇಬರ ಮುಂದೆ ಇಟ್ಟೆ. ಅಳತೆಯನ್ನು ಬೇಸಿಗೆಯಲ್ಲಿ ಮಾಡಿದ್ದರಿಂದ ಕೆರೆಯ ಭಾಗವನ್ನೇ ಹೊರಗಿನ ಜಾಗ ಎಂದು ತಪ್ಪಾಗಿ ತೋರಿಸಿದ್ದೇನೆ, ಅಲ್ಲಿ ಗರಸು ತುಂಬುವುದನ್ನು ನಿಲ್ಲಿಸಬೇಕು, ಹಾದಿಯನ್ನು ಹೊರಗಿನಿಂದ ಒಯ್ಯಬೇಕು. ಸಾಹೇಬರು ಓದಿ ಕನ್ನಡಕ ತೆಗೆದರು.

"ತಲಿ ಸರಿ ಐತೇನ್ರಿ? ತಪ್ಪು ಅಂತ ಯಾರರ ಬರೀತಾರೇನು? ತಾಂತ್ರಿಕ ಕಾರಣ ಅಂತ ಬರೀರಿ, ನೀವೂ ಉಳೀತೀರಿ, ನಾನೂ ಉಳೀತೀನಿ."

"ಹಂಗ ಬರದ್ರ ಹಾದಿ ಅಷ್ಟ ನಿಲ್ತೈತ್ರಿ ಸರ್. ಕಾಗದದಾಗ ಅದು ಖುಲ್ಲಾ ಜಾಗಾನ ಉಳೀತೈತಿ. ಇವತ್ತಿಲ್ಲ ನಾಳೆ ಯಾರರ ಬಂದು ತುಂಬೇ ತುಂಬ್ತಾರ. ಅದು ಕೆರಿ ಅಂತ ಬರಿಬೇಕಾದ್ರ ನಾ ತಪ್ಪಿದೆ ಅಂತ ಬರೀಲೇಬೇಕು."

ಅವರು ಕನ್ನಡಕ ಏರಿಸಿ ಟಿಪ್ಪಣಿಯನ್ನು ಇನ್ನೊಮ್ಮೆ ಓದಿದರು. ಆಮೇಲೆ "ಮಾಡಿದ್ದುಣ್ಣೋ ಮಹಾರಾಯ ಅಂದಂಗಾತು" ಎಂದು ಗೊಣಗಿ ಸಹಿ ಹಾಕಿದರು. ಬಡಾವಣೆಯವರ ಸಭೆ ಕರೆದರು. ನಾನು ಎದ್ದು ನಿಂತು ತಪ್ಪು ಹೇಳಿದೆ. ಹಿಂದಿನಿಂದ ಒಬ್ಬರು "ಹಕ್ಕಿಗೋಸ್ಕರ ಮಕ್ಕಳ ಜೋಕಾಲಿ ತೆಗೀತೀರೇನ್ರಿ?" ಎಂದು ಎಗರಿದರು. ಸಾಹೇಬರು ನನ್ನನ್ನು ಕೂಡಿಸಿ ತಾವೇ ಎದ್ದರು. "ಜೋಕಾಲಿ ಎಲ್ಲಿ ಬೇಕಾದಲ್ಲಿ ಕಟ್ಟಬೋದ್ರಿ. ತಗ್ಗುನೀರು ಎಲ್ಲಿ ಕಟ್ಟೋಣು, ನಿಮ್ಮ ಮನಿ ಮಾಳಗಿ ಮ್ಯಾಲೇನು? ಆ ನೀರ ಜಾಗ ತುಂಬಿದ್ರ, ಮುಂದಿನ ಸಲ ಇಂಥ ಮಳಿ ಬಂದ್ರ ಆ ನೀರು ನಿಮ್ಮ ಅಂಗಳಕ್ಕ ಬರ್ತೈತಿ, ನೋಡ್ಕೊಳ್ರಿ." ಅಂಗಳದ ಮಾತಿಗೆ ಸಭೆ ತಣ್ಣಗಾಯಿತು. ಒಳಗೆ ನನ್ನನ್ನು ಬೈದು ಹೊರಗೆ ನನ್ನನ್ನು ಕಾಪಾಡಿದ ಆ ಮನುಷ್ಯನಿಗೆ ನಾನು ಸರಿಯಾಗಿ ಒಂದು ನಮಸ್ಕಾರವನ್ನೂ ಹೇಳಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

ಗರಸು ತೆಗೆಯುವುದು ಹಾಕಿದಷ್ಟು ಸುಲಭ ಇರಲಿಲ್ಲ. ಹಸಿ ಎರೆಮಣ್ಣಿಗೆ ಯಂತ್ರ ಇಳಿಸಿದರೆ ಅಲ್ಲೇ ಹೂತು ಹೋಗುತ್ತದೆ. ಮೌಲಾಸಾಬರ ಜನ ಮೊಳಕಾಲು ನೀರಿನಲ್ಲಿ ಸಾಲಾಗಿ ನಿಂತು, ಬುಟ್ಟಿಯಿಂದ ಬುಟ್ಟಿಗೆ ದಾಟಿಸಿ ತೆಗೆದರು. ನಾನೂ ಸಾಲಿನಲ್ಲಿ ನಿಂತೆ. ಎರಡನೆಯ ದಿನ ನನ್ನ ಪಕ್ಕದಲ್ಲಿ ಬಂದು ನಿಂತವಳು ನೀಲವ್ವ. ನಾನು ಬುಟ್ಟಿ ದಾಟಿಸುತ್ತ "ಬೇಸಿಗ್ಯಾಗ ಬರಬ್ಯಾಡ ಅಂದಿದ್ನಿ, ತಪ್ಪಾತವಾ" ಎಂದೆ.

"ಅಂದ್ರೇನಾತು, ನಾ ಕೇಳ್ತಿದ್ನೇನು?" ಎಂದಳು.

ಮಧ್ಯಾಹ್ನ ಆಕೆ ಬುತ್ತಿ ಬಿಚ್ಚಿದಳು. ಕಟಿರೊಟ್ಟಿ, ಪುಂಡಿಪಲ್ಲೆ, ಶೇಂಗಾ ಚಟ್ನಿ. ತಿನ್ನುತ್ತ ತಿನ್ನುತ್ತ ಕೆರೆಯ ಪಾಠ ಹೇಳಿದಳು. ಯಾವ ಹಕ್ಕಿ ಎಷ್ಟು ನೀರಿಗೆ ಇಳಿಯುತ್ತದೆ, ಜೇಕಿನಲ್ಲಿ ಯಾವುದು ಗೂಡು ಕಟ್ಟುತ್ತದೆ, ಹೂಳು ತೆಗೆಯುವಾಗ ಒಂದು ವರ್ಷ ಈ ಮಗ್ಗುಲು, ಮರುವರ್ಷ ಆ ಮಗ್ಗುಲು ಎಂದು ಹಿರಿಯರು ಯಾಕೆ ಸರದಿ ಇಟ್ಟಿದ್ದರು. "ಚಳಿಗಾಲದಾಗ ದೊಡ್ಡ ಬಾತು ಬರ್ತಾವು, ತಲಿ ಮ್ಯಾಲ ಎರಡ ಕರೇ ಪಟ್ಟಿ. ಮುಂಜಾನಿ ನಮ್ಮ ಕಡ್ಲಿ ಚಿಗುರು ತಿಂತಾವು."

"ಸಿಟ್ಟು ಬರಾಂಗಿಲ್ಲೇನು?"

"ಕಡ್ಲಿ ಕುಡಿ ನಾವೂ ಚೂಟ್ತೀವಲ್ಲವಾ, ಕವಲೊಡೀಲಿ ಅಂತ. ಅವು ಪುಕ್ಕಟ ಚೂಟ್ತಾವು. ಒಂದೊಂದ್ ಸಲ ಜಾಸ್ತಿ ಚೂಟ್ತಾವು, ಅವಾಗ ಬೈತೀನಿ."

ನಕ್ಷೆಯನ್ನು ಎರಡನೆಯ ಸಲ ಬರೆದದ್ದು ಆಕೆಯ ಮಾತು ಕೇಳಿದ ಮೇಲೆ. ಕಲ್ಲಿನ ಹೊದಿಕೆ ದಂಡೆಗೆ ಮಾತ್ರ. ಪಶ್ಚಿಮದ ಅಂಚು ಮಣ್ಣಿನದೇ, ಇಳಿಜಾರು ಇದ್ದಂತೆಯೇ. ಬಡಾವಣೆಯ ಗಟಾರದ ನೀರನ್ನು ಕೆರೆಗೆ ಬಿಡದೆ ಆಚೆ ತಿರುಗಿಸಿದೆವು. ದೀಪದ ವಿಷಯದಲ್ಲಿ ಮಾತ್ರ ಇನ್ನೊಂದು ಸಲ ಎಡವಿದೆ. ನವೆಂಬರಿನ ಒಂದು ಸಂಜೆ ಎತ್ತರದ ದೀಪ ಹಚ್ಚಿ ನೋಡಿದಾಗ ಊರವರು ಚಪ್ಪಾಳೆ ತಟ್ಟಿದರು, ಹಕ್ಕಿಗಳು ಎದ್ದು ಕತ್ತಲ ಕಡೆ ಹಾರಿಹೋದವು. ಸಾಹೇಬರು ಏನೂ ಕೇಳದೆ ಪಶ್ಚಿಮದ ಕಂಬಗಳನ್ನು ಕೀಳಿಸಿದರು, ಉಳಿದವನ್ನು ಗಿಡ್ಡ ಮಾಡಿಸಿ ಬೆಳಕು ಹಾದಿಗೆ ಮಾತ್ರ ಬೀಳುವಂತೆ ಟೋಪಿ ಹಾಕಿಸಿದರು. "ನಿಮ್ಮ ಹಕ್ಕಿಗೆ ಇನ್ನೇನ ಬೇಕಂತ ಕೇಳ್ಕೊಂಡು ಬರ್ರಿ" ಎಂದು ಅವತ್ತಿನಿಂದ ಚೇಷ್ಟೆ.

ಡಿಸೆಂಬರಿನಲ್ಲಿ ಮೇಲಿನಿಂದ ಕಾಗದ ಬಂತು. ಕರ್ತವ್ಯದಲ್ಲಿ ಅಜಾಗರೂಕತೆ, ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ. ನೌಕರಿ ಹೋಗಲಿಲ್ಲ, ಆದರೆ ಕಾಯಂ ಆಗಲಿಲ್ಲ. ಓದಿ ಕಣ್ಣೀರು ಹಾಕಿದೆ, ಯಾಕೆ ಮುಚ್ಚಿಡಲಿ. ಮರುದಿನ ಮುಂಜಾನೆ ಕೆರೆಗೆ ಹೋದೆ. ಮಂಜು ಕರಗುತ್ತಿತ್ತು. ಕಡಲೆ ಹೊಲದ ಕಡೆಯಿಂದ ಕೂಗುತ್ತ ಕೂಗುತ್ತ ಪಟ್ಟೆತಲೆಯ ಹೆಬ್ಬಾತುಗಳು ಬಂದವು. ಹಿಮಾಲಯ ದಾಟಿ ಬಂದವಂತೆ. ನಾನು ಗರಸು ಹಾಕಿಸಿ ತೆಗೆಸಿದ ಆ ನೀರಿಗೇ ಕಾಲು ಚಾಚಿ ಒಂದೊಂದಾಗಿ ಇಳಿದವು. ಎಣಿಸಲು ಹೋಗಿ ತಪ್ಪಿದೆ, ಮತ್ತೆ ಎಣಿಸಿದೆ, ಮತ್ತೆ ತಪ್ಪಿದೆ. ಪಕ್ಕದಲ್ಲಿ ಮೌಲಾಸಾಬರು ಟೋಪಿ ತೆಗೆದು ತಲೆ ಸವರಿಕೊಳ್ಳುತ್ತ "ಬಂದ್ವಲ್ರಿ ಬಾಯಾರ, ನಿಮ್ಮ ಪಾವಣ್ಯಾರು" ಎಂದು ಮನೆಗೆ ಬಂದ ನೆಂಟರನ್ನು ಕಂಡವರಂತೆ ನಕ್ಕರು. ಆ ಹೊತ್ತಿನಲ್ಲಿ ನನಗೆ ಆದ ಸಂತೋಷ ಆಮೇಲೆ ಪ್ರೊಬೇಷನ್ ಮುಗಿದಾಗಲೂ ಆಗಲಿಲ್ಲ, ಬಡ್ತಿ ಬಂದಾಗಲೂ ಆಗಲಿಲ್ಲ.

ಮುಂದಿನ ವರ್ಷ ವರ್ಗವಾಯಿತು. ಈಗ ನನ್ನ ಕೈಕೆಳಗೆ ಹುಡುಗ ಇಂಜಿನಿಯರುಗಳಿದ್ದಾರೆ. ಯಾರೇ ಕೆರೆಯ ನಕ್ಷೆ ತಂದರೂ ನಾನು ಮೊದಲು ಕೇಳುವುದು, ಯಾವ ತಿಂಗಳಲ್ಲಿ ಅಳತೆ ಮಾಡಿದಿರಿ ಎಂದು. ಬೇಸಿಗೆ ಎಂದರೆ ಕಡತ ವಾಪಸ್ಸು. ಬಾಯಾರಿಗೆ ಹುಚ್ಚು ಅಂತ ಹಿಂದಿನಿಂದ ಮಾತಾಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಬಸ್ಸಿನಿಂದ ಇಳಿದು ನಾನು ಕೆರೆಯ ಹಾದಿ ಹಿಡಿದೆ. ದಂಡೆಯ ಕಲ್ಲು ಒಂದೂ ಅಲುಗಿರಲಿಲ್ಲ. ಜೇಕು ಎದೆಯುದ್ದ ಬೆಳೆದಿತ್ತು, ಅದರ ಆಚೆ ತಗ್ಗುನೀರಿನಲ್ಲಿ ಮೆಟ್ಟುಗಾಲು ಹಕ್ಕಿಗಳು ಹುಡುಕುತ್ತ ನಡೆದಿದ್ದವು. ಹಾದಿ ಪಶ್ಚಿಮದಲ್ಲಿ ನೇರ ನೀರಿಗೆ ಹೋಗುವಂತೆ ಹೋಗಿ, ತಟ್ಟನೆ ನಿಂತು, ಎಡಕ್ಕೆ ಹೊರಳಿ ಹೊಲದ ಬದಿಗೆ ಹೋಗುತ್ತದೆ. ಗಟ್ಟಿ ನೆಲದ ಮೇಲಿನ ಭಾಗವನ್ನು ನಾವು ಕಿತ್ತಿರಲಿಲ್ಲ. ಹಾಗಾಗಿ ಆ ಸೊಟ್ಟ ಮೂಲೆ ಉಳಿದುಬಿಟ್ಟಿದೆ. ನೋಡಲು ಚೆಂದವಿಲ್ಲ. ನಾನು ಅಲ್ಲಿ ನಿಂತಿದ್ದಾಗ ಸೀರೆಯ ಮೇಲೆ ಸ್ಪೋರ್ಟ್ಸ್ ಬೂಟು ಹಾಕಿದ ಒಬ್ಬಾಕೆ ಕೈ ಬೀಸುತ್ತ ಬಂದಳು. ತಡೆಯಲಾರದೆ ಕೇಳಿದೆ.

"ಅಕ್ಕಾರ, ಈ ಹಾದಿ ಇಲ್ಲಿ ಹಿಂಗ್ಯಾಕ ಹೊಳ್ಳೈತ್ರಿ?"

ಆಕೆ ನಿಂತಲ್ಲೇ ಹೆಜ್ಜೆ ಹಾಕುತ್ತ ಹೇಳಿದಳು. "ಅಯ್ಯ, ಗೊತ್ತಿಲ್ಲೇನ್ರಿ? ಹಿಂದಕ ಒಬ್ರು ಇಂಜಿನಿಯರ್ ಬಾಯಾರಿದ್ರಂತ. ಹಾದಿ ನೀರಾಗ ಒಯ್ದಿದ್ರಂತ. ಆಮ್ಯಾಲ ನಂದ ತಪ್ಪು ಅಂತ ಊರ ಮುಂದ ನಿಂತು ಹೇಳಿ, ತಾವ ನೀರಾಗಿಳಿದು ಕಿತ್ರಂತ. ಇದಕ್ಕ ನಾವು ಬಾಯಾರ ತಿರುವು ಅಂತೀವ್ರಿ. ನನ್ನ ಮಗಳು ತಪ್ಪು ಮಾಡಿ ಮುಚ್ಚಿಡಾಕ ಹೋದ್ರ, ಇಲ್ಲಿ ಕರಕೊಂಡು ಬಂದು ತೋರಿಸ್ತೀನಿ."

"ಆ ಬಾಯಾರ ಹೆಸರೇನ್ರಿ?"

"ಹೆಸರು ಯಾರಿಗೆ ಗೊತ್ರಿ" ಎಂದು ಆಕೆ ಕೈ ಬೀಸಿಕೊಂಡು ಮುಂದೆ ಹೋದಳು.

ನಾನು ಚೀಲ ಹಿಡಿದುಕೊಂಡು ಒಬ್ಬಳೇ ನಕ್ಕೆ. ಕಣ್ಣು ಒರೆಸಿಕೊಂಡೆ. ಆಮೇಲೆ ಆಕೆಯ ಹಿಂದೆ ನಾನೂ ಎಡಕ್ಕೆ ತಿರುಗಿ ನಡೆದೆ.